ಒಂದು ಕೋರ್, ಎರಡು ಎಳೆ: ಇರಲೇಬೇಕೆ, ಬೇಡವೆ?

ಪೆಟ್ಟಿಗೆಯ ಮೇಲೆ 'ಎಂಟು ಕೋರ್' ಎಂದು ಅಚ್ಚಾಗಿರುತ್ತದೆ. ಗಣಕಯಂತ್ರವನ್ನು ಚಾಲೂ ಮಾಡಿದರೆ ಹದಿನಾರು ಪ್ರೊಸೆಸರ್‌ಗಳು ಕಾಣುತ್ತವೆ. ಉಳಿದ ಎಂಟು ಬಂದದ್ದೆಲ್ಲಿಂದ ಎಂಬುದು ಅನೇಕರ ಪ್ರಶ್ನೆ.

ಇದು ಮಲ್ಟಿಥ್ರೆಡಿಂಗ್‌ನ ಕರಾಮತ್ತು. ಇಂಟೆಲ್ ಸಂಸ್ಥೆಯು 2002ರಲ್ಲಿ ಮೊದಲು ಜಿಯಾನ್, ನಂತರ ಪೆಂಟಿಯಂ 4 ಚಿಪ್‌ಗಳಲ್ಲಿ 'ಹೈಪರ್ ಥ್ರೆಡಿಂಗ್' ಎಂಬ ಹೆಸರಿನಿಂದ ಇದನ್ನು ಪರಿಚಯಿಸಿತು. ಎಎಂಡಿ 2017ರ ರೈಜೆನ್ ಚಿಪ್‌ಗಳಲ್ಲಿ 'ಎಸ್‌ಎಂಟಿ' ಎಂಬ ಹೆಸರಿನಲ್ಲಿ ಇದೇ ತಂತ್ರವನ್ನು ಅಳವಡಿಸಿತು.

ಒಂದೇ ಅಡಿಗೆಮನೆಯಲ್ಲಿ ಇಬ್ಬರು ಅಡಿಗೆಯವರಿದ್ದಾರೆ ಎಂದುಕೊಳ್ಳಿ. ಒಬ್ಬನು ಬೇಳೆ ಬೇಯಲೆಂದು ಕಾಯುವಾಗ ಇನ್ನೊಬ್ಬನು ಒರಳನ್ನು ಬಳಸುತ್ತಾನೆ. ಕೋರ್‌ನಲ್ಲಿಯೂ ಹಾಗೆಯೇ. ಒಂದು ಎಳೆಯು ಮೆಮೊರಿಯಿಂದ ದತ್ತಾಂಶ ಬರಲೆಂದು ಕಾಯುತ್ತಿರುವಾಗ, ಸುಮ್ಮನಿರುವ ಗಣಿತ ಘಟಕಗಳನ್ನು ಮತ್ತೊಂದು ಎಳೆ ಬಳಸಿಕೊಳ್ಳುತ್ತದೆ. ಆದರೆ ಇಬ್ಬರಿಗೂ ಒಮ್ಮೆಗೇ ಒರಳು ಬೇಕಾದರೆ ಒಬ್ಬನು ಕಾಯಲೇಬೇಕು.

ಲಾಭವೆಲ್ಲಿ, ನಷ್ಟವೆಲ್ಲಿ?

ವೆಬ್ ಸರ್ವರ್, ದತ್ತಸಂಚಯದಂತಹ ಕೆಲಸಗಳಲ್ಲಿ ಕಾಯುವಿಕೆಯೇ ಹೆಚ್ಚು. ಹೀಗಾಗಿ ಅಲ್ಲಿ ಲಾಭವುಂಟು. ಕೆಲವು ಕೆಲಸಗಳಲ್ಲಿ ಶೇ 30ರವರೆಗೆ ವೇಗ ಹೆಚ್ಚುವುದೆಂದು 2002ರಲ್ಲಿ ಇಂಟೆಲ್ ಹೇಳಿತ್ತು. ದುಪ್ಪಟ್ಟು ಎಂದು ಹೇಳಿರಲಿಲ್ಲ. ಭಾರೀ ಮ್ಯಾಟ್ರಿಕ್ಸ್ ಲೆಕ್ಕಾಚಾರಗಳಲ್ಲಿ ಒಂದೇ ಎಳೆಯು ಗಣಿತ ಘಟಕವನ್ನು ಪೂರ್ತಿ ದುಡಿಸುತ್ತದೆ. ಅಲ್ಲಿ ಎರಡನೆಯ ಎಳೆಯು ಕ್ಯಾಶ್ ಮೆಮೊರಿಯನ್ನು ಹಂಚಿಕೊಂಡು ಕೆಲಸವನ್ನು ನಿಧಾನಗೊಳಿಸಲೂಬಹುದು.

ಭದ್ರತೆಯ ಪ್ರಶ್ನೆಯೂ ಇದೆ. ಒಂದೇ ಕೋರ್ ಹಂಚಿಕೊಂಡ ಎಳೆಗಳಲ್ಲಿ ಒಂದರ ಗುಟ್ಟು ಇನ್ನೊಂದಕ್ಕೆ ಸೋರಬಲ್ಲದೆಂಬುದು 2018 ಮತ್ತು 2019ರಲ್ಲಿ ಬಯಲಾದ ದೋಷಗಳಿಂದ ಸ್ಪಷ್ಟವಾಯಿತು. ಓಪನ್‌ಬಿಎಸ್‌ಡಿ 2018ರಲ್ಲಿ ಈ ಸೌಲಭ್ಯವನ್ನು ತಾನಾಗಿಯೇ ಸ್ಥಗಿತಗೊಳಿಸಿತು. ಕ್ರೋಮ್ ಓಎಸ್ 2019ರಲ್ಲಿ ಅದೇ ಹಾದಿ ಹಿಡಿಯಿತು. ಅಪರಿಚಿತರ ಪ್ರೋಗ್ರಾಂಗಳು ಒಂದೇ ಯಂತ್ರದಲ್ಲಿ ಓಡುವಲ್ಲಿ ಈ ಎಚ್ಚರ ಅಗತ್ಯ. 2024ರ ಲೂನಾರ್ ಲೇಕ್, ಆ್ಯರೋ ಲೇಕ್ ಚಿಪ್‌ಗಳಲ್ಲಿ ಇಂಟೆಲ್ ಹೈಪರ್ ಥ್ರೆಡಿಂಗನ್ನೇ ಕೈಬಿಟ್ಟಿದೆ.

ಕಂಪೈಲರ್ ಆಯ್ಕೆ

ಚಿಪ್ ಹೊಸದಾದರೆ ಸಾಲದು. ಪ್ರೋಗ್ರಾಮನ್ನು ಯಂತ್ರಭಾಷೆಗೆ ಇಳಿಸುವ ಕಂಪೈಲರ್‌ಗೆ ಆ ಚಿಪ್‌ನ ಪರಿಚಯವಿರಬೇಕು. ಎಎಂಡಿಯ ಝೆನ್ 5 ವಿನ್ಯಾಸವನ್ನು 2024ರ ಜಿಸಿಸಿ 14 ಗುರುತಿಸುತ್ತದೆ. ಅದಕ್ಕಿಂತ ಹಳೆಯ ಆವೃತ್ತಿಯಲ್ಲಿ ಸಿದ್ಧವಾದ ಪ್ರೋಗ್ರಾಂ ಓಡುವುದಾದರೂ ಚಿಪ್‌ನ ಪೂರ್ಣ ಸಾಮರ್ಥ್ಯ ಬಳಕೆಯಾಗದೆ ಉಳಿಯಬಹುದು. ಇಂಟೆಲ್ ತನ್ನ ಹಳೆಯ ಸಿ, ಸಿ++ ಕಂಪೈಲರನ್ನು 2023ರಲ್ಲಿ ನಿಲ್ಲಿಸಿ, ಎಲ್‌ಎಲ್‌ವಿಎಂ ಆಧಾರಿತ ಕಂಪೈಲರನ್ನು ಉಳಿಸಿಕೊಂಡಿದೆ.

'ನೇಟಿವ್' ಎಂಬ ಆಯ್ಕೆ ಕೊಟ್ಟರೆ ಕಂಪೈಲರ್ ಆ ಯಂತ್ರಕ್ಕೇ ಹೊಂದುವ ಪ್ರೋಗ್ರಾಂ ಸಿದ್ಧಪಡಿಸುತ್ತದೆ. ಅದನ್ನು ಹಳೆಯ ಯಂತ್ರಕ್ಕೆ ಒಯ್ದರೆ, ಗೊತ್ತಿಲ್ಲದ ಆದೇಶ ಎದುರಾಗಿ ಅರ್ಧದಲ್ಲೇ ನಿಂತುಹೋಗಬಹುದು. ಹಲವು ಯಂತ್ರಗಳಿಗೆ ಹಂಚುವವರು 2020ರಲ್ಲಿ ನಿಗದಿಯಾದ 'ಎಕ್ಸ್86-64-ವಿ2', 'ವಿ3' ಮಟ್ಟಗಳಲ್ಲಿ ಒಂದನ್ನು ಆರಿಸುವುದು ಕ್ಷೇಮ. ಜಿಸಿಸಿ 11 ಹಾಗೂ ನಂತರದ ಆವೃತ್ತಿಗಳಲ್ಲಿ ಇವು ಲಭ್ಯ.

ಅಳೆದು ನೋಡಿ

ಥ್ರೆಡಿಂಗ್ ಸೌಲಭ್ಯವನ್ನು ಬಯಾಸ್‌ನಲ್ಲಿ ಬದಲಿಸಬಹುದು; ಇತ್ತೀಚಿನ ಲಿನಕ್ಸ್‌ನಲ್ಲಿ ಯಂತ್ರವನ್ನು ಮರಳಿ ಚಾಲೂ ಮಾಡದೆಯೂ ನಿಲ್ಲಿಸಬಹುದು. ನಿಮ್ಮದೇ ಪ್ರೋಗ್ರಾಮನ್ನು ಎರಡೂ ಸ್ಥಿತಿಗಳಲ್ಲಿ ಹಲವು ಸಲ ಓಡಿಸಿ, ತಗಲಿದ ಕಾಲವನ್ನು ಬರೆದಿಡಿ. ಅದು ಮುಗಿದ ಮೇಲಷ್ಟೇ ಕಂಪೈಲರ್ ಬದಲಿಸಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ವೇಗ ಹೆಚ್ಚಿತೆಂಬುದೇ ತಿಳಿಯದು.