ಹ್ಯಾಂಡ್ ಗೇರಿನ ಹಳೆಯ ಗಾಡಿಗೆ ಬೇರೆ ಗೇರ್‌ಬಾಕ್ಸ್

ಎಂಜಿನ್ ಗಟ್ಟಿಯಾಗಿದೆ, ಚಾಸಿಗೆ ತುಕ್ಕು ಹಿಡಿದಿಲ್ಲ ಎಂದಾದರೆ, ತೋಟದ ಗಾಡಿಗೆ ಎಷ್ಟೇ ವಯಸ್ಸಾಗಿದ್ದರೂ ಅದನ್ನು ಮಾರಲು ನಮ್ಮವರಿಗೆ ಮನಸ್ಸು ಬರುವುದಿಲ್ಲ. 'ಇನ್ನೊಂದು ಕುಯ್ಲಿಗೆ ಆದೀತು' ಎಂದು ಇಟ್ಟುಕೊಳ್ಳುತ್ತೇವೆ. ಗೇರ್‌ಬಾಕ್ಸ್ ಕೈಕೊಟ್ಟಾಗ ಮಾತ್ರ ಯೋಚನೆ ಹತ್ತುತ್ತದೆ. ಹಲ್ಲು ಸವೆದು ಗೇರ್ ತಾನಾಗಿಯೇ ಹಾರುತ್ತದೆ. ಹಳೆಯ ಮಾದರಿಯ ಬಿಡಿಭಾಗ ಅಂಗಡಿಯಲ್ಲಿ ಸಿಕ್ಕುವುದಿಲ್ಲ. ಆಗ ಯಾರಾದರೊಬ್ಬರು 'ಬೇರೆ ಗಾಡಿಯ ಗೇರ್‌ಬಾಕ್ಸ್ ಕೂರಿಸಿಬಿಡಿ' ಎಂದು ಸಲಹೆ ಕೊಡುತ್ತಾರೆ.

ಫ್ಲೋರ್ ಗೇರಿನ ಗಾಡಿಯಲ್ಲಿ ಸಾಮಾನ್ಯವಾಗಿ ಲಿವರ್ ಗೇರ್‌ಬಾಕ್ಸಿನ ಮೇಲೆಯೇ ಕೂತಿರುತ್ತದೆ. ಪೆಟ್ಟಿಗೆ ಬದಲಾದರೆ ಲಿವರೂ ಅದರ ಜೊತೆಗೇ ಬರುತ್ತದೆ. ಹ್ಯಾಂಡ್ ಗೇರಿನ, ಅಂದರೆ ಸ್ಟೀರಿಂಗ್ ಕಂಬಕ್ಕೆ ಲಿವರ್ ಜೋಡಿಸಿರುವ ಗಾಡಿಯ ವಿಚಾರ ಹಾಗಲ್ಲ. ಲಿವರ್ ಒಂದು ಕಡೆ, ಗೇರ್‌ಬಾಕ್ಸ್ ಇನ್ನೊಂದು ಕಡೆ. ನಡುವೆ ತೋಳು, ರಾಡ್, ಬುಷ್‌ಗಳ ದೊಡ್ಡ ಸಂಸಾರ. ಈ ಸಂಸಾರ ಹೊಂದಿಕೊಳ್ಳದಿದ್ದರೆ ಎಷ್ಟು ಒಳ್ಳೆಯ ಗೇರ್‌ಬಾಕ್ಸ್ ತಂದರೂ ಪ್ರಯೋಜನವಿಲ್ಲ. ಮೂಟೆ ಹೇರಿಕೊಂಡು ಇಳಿಜಾರಿನಲ್ಲಿ ಬರುವಾಗ, ಎರಡನೆಯ ಗೇರೆಂದು ಹಾಕಿದ್ದು ನ್ಯೂಟ್ರಲ್ಲಿಗೆ ಬಿದ್ದರೆ ಆಗುವ ಅನಾಹುತವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದ ಹಣ ಕೊಡುವ ಮೊದಲು ಏನೇನನ್ನು ಅಳೆದು ನೋಡಬೇಕೆಂಬುದನ್ನು ಇಲ್ಲಿ ತಿಳಿಸಲು ಬಯಸುತ್ತೇವೆ.

ಷೆವರ್ಲೆ ಪಿಕಪ್ಪಿನ ಉದಾಹರಣೆ

ಅಮೆರಿಕದಲ್ಲಿ ಹಳೆಯ ಪಿಕಪ್ ಟ್ರಕ್ಕುಗಳನ್ನು ಇಟ್ಟುಕೊಂಡವರು ಈ ಕೆಲಸವನ್ನು ಬಹಳ ಕಾಲದಿಂದ ಮಾಡುತ್ತ ಬಂದಿದ್ದಾರೆ. ಅಲ್ಲಿನ ಒಂದು ಗಾಡಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 1938-39ರ ಹೊತ್ತಿಗೆ ಅಮೆರಿಕದ ಕಾರುಗಳಲ್ಲಿ ಗೇರ್ ಲಿವರ್ ನೆಲದಿಂದ ಸ್ಟೀರಿಂಗ್ ಕಂಬಕ್ಕೆ ಏರತೊಡಗಿತು. ಕಾಲಿಗೆ ಅಡ್ಡವಿಲ್ಲದೆ ಮುಂದಿನ ಸೀಟಿನಲ್ಲಿ ಮೂವರು ಕೂರಬಹುದೆಂಬುದು ಇದರ ಅನುಕೂಲ. ಷೆವರ್ಲೆ ಕಂಪನಿಯು 1948ರ ಮಾದರಿಯಿಂದ ತನ್ನ ಮೂರು ಗೇರಿನ ಸಣ್ಣ ಟ್ರಕ್ಕುಗಳಿಗೂ ಇದನ್ನು ತಂದಿತು. ನಾಲ್ಕು ಗೇರಿನ ಪೆಟ್ಟಿಗೆ ಬೇಕೆಂದವರಿಗೆ ಮಾತ್ರ ಲಿವರನ್ನು ನೆಲದಲ್ಲೇ ಬಿಟ್ಟುಕೊಟ್ಟಿತು. ಇದನ್ನು ನೆನಪಿಟ್ಟುಕೊಳ್ಳಬೇಕು; ಮುಂದೆ ಉಪಯೋಗಕ್ಕೆ ಬರುತ್ತದೆ.

ಷೆವರ್ಲೆ ನಮಗೆ ತೀರ ಅಪರಿಚಿತ ತಳಿಯೂ ಅಲ್ಲ. ಜನರಲ್ ಮೋಟಾರ್ಸ್ ಸಂಸ್ಥೆಯು 1928ರಿಂದ 1954ರವರೆಗೆ ಬೊಂಬಾಯಿಯಲ್ಲಿ ಷೆವರ್ಲೆ ಗಾಡಿಗಳನ್ನು ಜೋಡಿಸಿ ಮಾರುತ್ತಿತ್ತು.

ಈ ಟ್ರಕ್ಕಿನ ಹಳೆಯ ಮೂರು ಗೇರಿನ ಪೆಟ್ಟಿಗೆಯಲ್ಲಿ ಎರಡು ಮತ್ತು ಮೂರನೆಯ ಗೇರಿಗೆ ಮಾತ್ರ ಸಿಂಕ್ರೊ ಇತ್ತು. ಒಂದನೆಯ ಗೇರಿಗೆ ಇಲ್ಲದ್ದರಿಂದ, ಗಾಡಿ ಉರುಳುತ್ತಿರುವಾಗ ಅದನ್ನು ಹಾಕುವುದು ಬಹಳ ಕಷ್ಟ. ಇಳಿಜಾರಿನ ತಲೆಯಲ್ಲಿಯೇ ನಿಲ್ಲಿಸಿ ಒಂದನೆಯ ಗೇರ್ ಹಾಕಿಕೊಳ್ಳದವರು ನಡುದಾರಿಯಲ್ಲಿ ಬ್ರೇಕನ್ನೇ ನಂಬಬೇಕಾಗುತ್ತಿತ್ತು. ಅದೇ ಸಂಸ್ಥೆಯ ಸ್ಯಾಗಿನಾ ಎಂಬ ಮೂರು ಗೇರಿನ ಪೆಟ್ಟಿಗೆ 1966ರಲ್ಲಿ ಬಂತು. ಅದರಲ್ಲಿ ಮುಂದಿನ ಮೂರು ಗೇರಿಗೂ ಸಿಂಕ್ರೊ ಇದೆ. ಹಳೆಯ ಪಿಕಪ್ಪುಗಳಿಗೆ ಇದನ್ನು ಕೂರಿಸುವ ಆಸೆ ಹುಟ್ಟಿದ್ದು ಇದರಿಂದಲೇ.

ಪೆಟ್ಟಿಗೆಗಳಲ್ಲಿ ಮೂರು ಜಾತಿ

ಹಳೆಯ ಪೆಟ್ಟಿಗೆಗೂ ಸ್ಯಾಗಿನಾಕ್ಕೂ ಬದಿಯಲ್ಲಿ ಎರಡೆರಡು ತೋಳುಗಳಿವೆ. ಒಂದು ತೋಳು ಒಂದನೆಯ ಗೇರ್ ಮತ್ತು ರಿವರ್ಸಿನದು. ಇನ್ನೊಂದು ಎರಡು ಮತ್ತು ಮೂರನೆಯ ಗೇರಿನದು. ಸ್ಟೀರಿಂಗ್ ಕಂಬದ ಬುಡದಲ್ಲೂ ಎರಡು ತೋಳುಗಳಿದ್ದು, ಒಂದೊಂದು ಜೋಡಿಗೆ ಒಂದೊಂದು ರಾಡ್ ಇರುತ್ತದೆ. ಡ್ರೈವರ್ ಲಿವರನ್ನು ತನ್ನ ಕಡೆಗೆ ಎಳೆದುಕೊಂಡಾಗ ಕಂಬದೊಳಗಿನ ನಾಲಗೆ ಮೊದಲನೆಯ ತೋಳನ್ನು ಹಿಡಿಯುತ್ತದೆ. ಬಿಟ್ಟಾಗ ಎರಡನೆಯದನ್ನು ಹಿಡಿಯುತ್ತದೆ. ಎಳೆದು ಕೆಳಗೆ ತಂದರೆ ಒಂದು, ಮೇಲಕ್ಕೆ ಒಯ್ದರೆ ರಿವರ್ಸ್. ಬಿಟ್ಟು ಮೇಲಕ್ಕೆ ಎರಡು, ಕೆಳಕ್ಕೆ ಮೂರು. ಯಾವ ತೋಳೆಂಬ ಆಯ್ಕೆ ಕಂಬದಲ್ಲೇ ಮುಗಿಯುತ್ತದೆ. ಗೇರ್‌ಬಾಕ್ಸಿಗೆ ಬರುವುದು ಬರೀ ತಳ್ಳು ಅಥವಾ ಎಳೆತ. ಇದು ಮೊದಲನೆಯ ಜಾತಿ.

ಎರಡನೆಯ ಜಾತಿಗೆ ನಮ್ಮ ಅಂಬಾಸಡರ್ ಕಾರಿನ ಹ್ಯಾಂಡ್ ಗೇರೇ ಉದಾಹರಣೆ. ಅದರಲ್ಲಿಯೂ ಎರಡು ಜೋಡಣೆಗಳಿವೆ, ಆದರೆ ಕೆಲಸದ ಹಂಚಿಕೆ ಬೇರೆ. ಒಂದು ಗೇರಿನ ಜೋಡಿಯನ್ನು ಆರಿಸುತ್ತದೆ, ಇನ್ನೊಂದು ಗೇರನ್ನು ಹಾಕುತ್ತದೆ. ಆಯ್ಕೆ ನಡೆಯುವುದು ಪೆಟ್ಟಿಗೆಯೊಳಗೆ.

ಮೂರನೆಯದು ಒಂದೇ ದಂಡದ ಜಾತಿ. 1980ರ ದಶಕದಲ್ಲಿ ಬಂದ ಬೋರ್ಗ್ ವಾರ್ನರ್ ಕಂಪನಿಯ ಐದು ಗೇರಿನ ಟಿ-5 ಪೆಟ್ಟಿಗೆ ಇಂಥದು. ಒಳಗಿನ ಒಂದೇ ದಂಡ ತಿರುಗಿ ಜೋಡಿಯನ್ನು ಆರಿಸಿ, ಹಿಂದೆ ಮುಂದೆ ಸರಿದು ಗೇರ್ ಹಾಕುತ್ತದೆ. ಲಿವರ್ ನೇರವಾಗಿ ಅದರ ಮೇಲೆ ಕೂರುತ್ತದೆ.

ಒಂದು ಜಾತಿಯ ಕಂಬಕ್ಕೆ ಅದೇ ಜಾತಿಯ ಪೆಟ್ಟಿಗೆ ಸುಲಭವಾಗಿ ಹೊಂದುತ್ತದೆ. ಜಾತಿ ಬೆರೆತರೆ ಕಂಬವನ್ನೇ ಹೊಸದಾಗಿ ಕಟ್ಟಿದಷ್ಟು ಕೆಲಸವಾಗುತ್ತದೆ. ಬೇರಿಗೆ ಒಗ್ಗದ ಕಸಿ ಎಷ್ಟು ಚೆನ್ನಾಗಿ ಕಟ್ಟಿದರೂ ಹತ್ತುವುದಿಲ್ಲ ಎಂಬುದು ಬೆಳೆಗಾರರಿಗೆ ಗೊತ್ತಿರುವ ಸಂಗತಿ.

ನಾಲ್ಕು ಗೇರಿನ ಆಸೆ

ಸ್ಯಾಗಿನಾದಲ್ಲಿಯೇ ನಾಲ್ಕು ಗೇರಿನ ಪೆಟ್ಟಿಗೆಯೂ ಉಂಟು. ಆದರೆ ಅದಕ್ಕೆ ಮೂರು ತೋಳುಗಳು: ಒಂದು-ಎರಡಕ್ಕೆ ಒಂದು, ಮೂರು-ನಾಲ್ಕಕ್ಕೆ ಒಂದು, ರಿವರ್ಸಿಗೆ ಒಂದು. ಕಂಬದಲ್ಲಿರುವುದು ಎರಡೇ ತೋಳು. ಮೂರನೆಯದಕ್ಕೆ ಕೆಲವರು ಪ್ರತ್ಯೇಕ ಕೇಬಲ್ ಎಳೆದು ರಿವರ್ಸನ್ನು ಬೇರೆ ಹಿಡಿಯಿಂದ ಹಾಕುತ್ತಾರೆ. ಕೆಲಸ ಆಗುತ್ತದೆ. ಆದರೆ ಲಿವರಿನ ಸ್ಥಾನಗಳೆಲ್ಲ ಬದಲಾಗಿಬಿಡುತ್ತವೆ. ಹಿಂದೆ ರಿವರ್ಸ್ ಇದ್ದ ಜಾಗದಲ್ಲಿ ಈಗ ಒಂದನೆಯ ಗೇರ್ ಬಂದು ಕೂರುತ್ತದೆ. ಹಳೆಯ ಅಭ್ಯಾಸದ ಡ್ರೈವರ್ ಗಾಡಿ ಹಿಂದಕ್ಕೆ ಬರುತ್ತದೆಂದು ಕ್ಲಚ್ ಬಿಟ್ಟರೆ ಅದು ಮುಂದಕ್ಕೆ ನುಗ್ಗುತ್ತದೆ. ಮುಂದೆ ಕಣದ ಗೋಡೆಯಿರಬಹುದು, ಆಳುಗಳೂ ಇರಬಹುದು. ಇಂಥ ಬದಲಾವಣೆ ಮಾಡಿದವರು ಹೊಸ ನಕ್ಷೆಯನ್ನು ಡ್ಯಾಶ್ ಬೋರ್ಡಿನ ಮೇಲೆ ಬರೆದು ಅಂಟಿಸಿ, ಗಾಡಿ ಓಡಿಸುವ ಪ್ರತಿಯೊಬ್ಬರಿಗೂ ತಿಳಿಸಿ ಹೇಳಬೇಕು.

ತಯಾರಕರೇ ನಾಲ್ಕು ಗೇರಿಗೆ ಲಿವರನ್ನು ನೆಲದಲ್ಲಿ ಬಿಟ್ಟದ್ದನ್ನು ಇಲ್ಲಿ ನೆನೆಯಬೇಕು. 1957ರಿಂದ 2014ರವರೆಗೆ ತಯಾರಾದ ಅಂಬಾಸಡರ್ ಕೂಡ, 1990ರ ದಶಕದಲ್ಲಿ ಇಸುಜು ಎಂಜಿನ್ ಮತ್ತು ಐದು ಗೇರಿನ ಪೆಟ್ಟಿಗೆ ಬಂದಾಗ ಫ್ಲೋರ್ ಗೇರಿಗೆ ಇಳಿಯಿತು. ಜೋಡಿಗಳ ಸಂಖ್ಯೆ ಹೆಚ್ಚಿದಷ್ಟೂ ಲಿವರ್ ಪೆಟ್ಟಿಗೆಯ ಹತ್ತಿರವಿರುವುದು ಲೇಸು.

ತೋಟದ ಕೆಲಸಕ್ಕೆ ಇನ್ನೊಂದು ಲೆಕ್ಕವೂ ಇದೆ. ಆ ಕಾಲದ ಷೆವರ್ಲೆಯ ನಾಲ್ಕು ಗೇರಿನ ಎಸ್.ಎಂ. 420 ಪೆಟ್ಟಿಗೆಯ ಒಂದನೆಯ ಗೇರ್ 7.05ಕ್ಕೆ 1. ಹಿಂದಿನ ಆಕ್ಸಲ್ 4.11 ಇದ್ದರೆ ಎಂಜಿನ್ ಸುಮಾರು 29 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗುತ್ತದೆ. ಮೂರು ಗೇರಿನ ಪೆಟ್ಟಿಗೆಯಲ್ಲಿ ಒಂದನೆಯ ಗೇರ್ ಸುಮಾರು 3ಕ್ಕೆ 1 ಇರುವುದರಿಂದ 12 ಸುತ್ತಿಗೇ ಚಕ್ರ ಒಂದು ಸುತ್ತು ಬರುತ್ತದೆ. ಕೆಸರಿನ ಏರಿನಲ್ಲಿ ಎಳೆಯುವುದಕ್ಕೂ, ಇಳಿಜಾರಿನಲ್ಲಿ ಎಂಜಿನ್ನಿನಿಂದಲೇ ಗಾಡಿಯನ್ನು ತಡೆದು ಇಳಿಸುವುದಕ್ಕೂ ಯಾವುದು ಮೇಲೆಂದು ಓದುಗರೇ ಹೇಳಬಲ್ಲರು. ಅಂಥ ಪೆಟ್ಟಿಗೆಯನ್ನು ಹ್ಯಾಂಡ್ ಗೇರಿಗೆ ಕಟ್ಟಲು ಹೆಣಗದೆ, ಲಿವರನ್ನು ನೆಲಕ್ಕೆ ತಂದುಬಿಡುವುದೇ ಸರಿ.

ದಿಕ್ಕು ಮತ್ತು ಓಟ

ಜಾತಿ ಹೊಂದಿತೆಂದುಕೊಳ್ಳೋಣ. ಆಮೇಲೆ ಎರಡು ಅಳತೆಗಳು ಬೇಕು.

ಮೊದಲನೆಯದು ದಿಕ್ಕು. ಹೊಸ ಪೆಟ್ಟಿಗೆಯ ತೋಳನ್ನು ಮುಂದಕ್ಕೆ ತಳ್ಳಿದರೆ ಯಾವ ಗೇರ್ ಬೀಳುತ್ತದೆ, ಹಿಂದಕ್ಕೆ ಎಳೆದರೆ ಯಾವುದು ಎಂದು ಕೈಯಿಂದಲೇ ಹಾಕಿ ನೋಡಿ ಸೀಮೆಸುಣ್ಣದಲ್ಲಿ ಗುರುತು ಮಾಡಬೇಕು. ಹಳೆಯದಕ್ಕೆ ತದ್ವಿರುದ್ಧವಾಗಿದ್ದರೆ, ಸಾಧ್ಯವಿರುವ ಕಡೆ ತೋಳನ್ನು ಬಿಚ್ಚಿ, ಮೇಲೆ ಮುಖ ಮಾಡಿದ್ದನ್ನು ಕೆಳಮುಖ ಮಾಡಿ ಕೂರಿಸಿದರೆ ದಿಕ್ಕು ಸರಿಹೋಗುತ್ತದೆ.

ಎರಡನೆಯದು ಓಟ. ಕಂಬದ ತೋಳು 50 ಮಿಲಿಮೀಟರ್ ಉದ್ದವಿದ್ದು 20 ಡಿಗ್ರಿ ತಿರುಗಿದರೆ ರಾಡ್ ಸುಮಾರು 17 ಮಿಲಿಮೀಟರ್ ಸರಿಯುತ್ತದೆ. ಪೆಟ್ಟಿಗೆಯ ತೋಳೂ 50 ಇದ್ದರೆ ಅದೂ 20 ಡಿಗ್ರಿ ತಿರುಗುತ್ತದೆ. ಅದೇ 75 ಇದ್ದರೆ ತಿರುಗುವುದು 13 ಡಿಗ್ರಿ ಮಾತ್ರ. ಗೇರ್ ಅರ್ಧ ಬಿದ್ದು, ಹೊರೆ ಬಿದ್ದೊಡನೆ ಹಾರಿಬಿಡುತ್ತದೆ. ತೋಳು ಗಿಡ್ಡವಾದಷ್ಟೂ ಓಟ ಹೆಚ್ಚು, ಲಿವರ್ ಬಿಗಿ; ಉದ್ದವಾದಷ್ಟೂ ಲಿವರ್ ಹಗುರ, ಓಟ ಕಡಿಮೆ. ಲಿವರ್ ಹಗುರವಾಗಲೆಂದು ತೋಳನ್ನು ಉದ್ದ ಮಾಡಿಸುವವರು ಈ ಲೆಕ್ಕವನ್ನು ಮರೆಯಬಾರದು. ರಾಡನ್ನು ಬಗ್ಗಿಸುವುದಾದರೆ ಎಕ್ಸಾಸ್ಟ್ ಪೈಪಿಗೂ ಕ್ಲಚ್ಚಿನ ಜೋಡಣೆಗೂ ತಾಗದಂತೆ ನೋಡಬೇಕು.

ನ್ಯೂಟ್ರಲ್ ಹೊಂದಿಸುವ ಕ್ರಮ

ಎಲ್ಲಕ್ಕಿಂತ ಮುಖ್ಯವಾದದ್ದು ನ್ಯೂಟ್ರಲ್. ಗಾಡಿಯನ್ನು ಮಟ್ಟಸ ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಬ್ಯಾಟರಿಯ ತಂತಿ ಕಳಚಬೇಕು. ಎರಡೂ ರಾಡುಗಳನ್ನು ಬಿಚ್ಚಿ, ಪೆಟ್ಟಿಗೆಯ ಎರಡೂ ತೋಳುಗಳನ್ನು ಕೈಯಿಂದ ನಡುಸ್ಥಾನಕ್ಕೆ ತರಬೇಕು. ಕಂಬದ ಬುಡದ ಎರಡೂ ತೋಳುಗಳನ್ನು ಸಾಲಾಗಿ ಸೇರಿಸಿ, ಹಲವು ಗಾಡಿಗಳಲ್ಲಿ ಇದಕ್ಕೆಂದೇ ಇರುವ ತೂತಿನಲ್ಲಿ ಒಂದು ಪಿನ್ ತೂರಿಸಬೇಕು. ಈಗ ರಾಡಿನ ತುದಿಯನ್ನು ತಿರುಗಿಸುತ್ತ, ತಳ್ಳದೆ ಎಳೆಯದೆ ತಾನಾಗಿ ತೂತಿನಲ್ಲಿ ಇಳಿಯುವಂತೆ ಉದ್ದವನ್ನು ಹೊಂದಿಸಿ ನಟ್ ಬಿಗಿಯಬೇಕು. ಪಿನ್ ತೆಗೆಯುವುದನ್ನು ಮರೆಯಬಾರದು.

ನಂತರ ಎಂಜಿನ್ ನಿಲ್ಲಿಸಿದ್ದಂತೆಯೇ ಕ್ಲಚ್ ಒತ್ತಿ ಎಲ್ಲ ಗೇರನ್ನೂ ಹಾಕಿ ನೋಡಬೇಕು. ಪ್ರತಿ ಗೇರೂ ಪೆಟ್ಟಿಗೆಯಲ್ಲಿ ಪೂರ್ತಿ ಬಿದ್ದ ಮೇಲೂ ಲಿವರಿಗೆ ಸ್ವಲ್ಪ ಜಾಗ ಉಳಿದಿರಬೇಕು. ಲಿವರ್ ಮೊದಲೇ ತಡೆಗೆ ತಾಗಿದರೆ ಓಟ ಸಾಲದು ಎಂದರ್ಥ. ಆಮೇಲೆ ಖಾಲಿ ಗಾಡಿಯನ್ನು ಮಟ್ಟಸ ರಸ್ತೆಯಲ್ಲಿ, ನಂತರ ಖಾಲಿಯಾಗಿಯೇ ಏರು ಇಳಿಜಾರಿನಲ್ಲಿ, ಕೊನೆಗೆ ಹೊರೆಯೊಂದಿಗೆ ಓಡಿಸಿ ನೋಡಬೇಕು. ಈ ಕ್ರಮ ತಪ್ಪಿಸಬಾರದು.

ಹ್ಯಾಂಡ್ ಗೇರ್ ಕಚ್ಚಿಕೊಂಡು ನಿಂತರೆ, ಎರಡೂ ತೋಳು ಒಟ್ಟಿಗೆ ನಡುಸ್ಥಾನ ಬಿಟ್ಟು ಸರಿದಿರುವುದು ಸಾಮಾನ್ಯ ಕಾರಣ. ಎಂಜಿನ್ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಬಾನೆಟ್ ಎತ್ತಿ ತೋಳುಗಳನ್ನು ಕೈಯಿಂದ ನಡುವಿಗೆ ತಂದರೆ ಬಿಡುತ್ತದೆ. ಇದು ಪದೇ ಪದೇ ಆದರೆ ನಾಲಗೆ ಅಥವಾ ಬುಷ್ ಸವೆದಿದೆ ಎಂದು ತಿಳಿಯಬೇಕು. ನಾಲ್ಕು ಕೀಲುಗಳಲ್ಲಿ ಒಂದೊಂದು ಮಿಲಿಮೀಟರ್ ಸಡಿಲವಾದರೂ ಒಟ್ಟು ನಾಲ್ಕು. ಮೇಲೆ ಹೇಳಿದ 17ರಲ್ಲಿ ಕಾಲು ಭಾಗದಷ್ಟು ಓಟ ಅಲ್ಲೇ ಹೋಯಿತು. ಎಂಜಿನ್ನಿನ ರಬ್ಬರ್ ಮೌಂಟಿಂಗ್ ಕುಸಿದಿದ್ದರೂ ಹೀಗೆಯೇ: ಕಂಬ ಚಾಸಿಗೆ ಕಟ್ಟಿದೆ, ಪೆಟ್ಟಿಗೆ ಎಂಜಿನ್ನಿನೊಂದಿಗೆ ಅಲುಗುತ್ತದೆ. ಬುಷ್, ಮೌಂಟಿಂಗ್ ಬದಲಾಯಿಸಿ ನೋಡಿದ ಮೇಲೆಯೇ ಹಳೆಯ ಪೆಟ್ಟಿಗೆ ಕೆಟ್ಟಿದೆ ಎಂದು ತೀರ್ಮಾನಿಸಬೇಕು. ಬುಷ್ಷಿನ ತಪ್ಪಿಗೆ ಪೆಟ್ಟಿಗೆಯ ಬೆಲೆ ತೆರುವುದು ಬೇಡ.

ಕೊಳ್ಳುವ ಮುನ್ನ ಇನ್ನಷ್ಟು

ಪೆಟ್ಟಿಗೆಯ ಮುಂಭಾಗದ ಬೋಲ್ಟುಗಳ ಅಂತರ ಬೆಲ್ ಹೌಸಿಂಗಿಗೆ ಕೂಡಿಬರಬೇಕು. ಇನ್‌ಪುಟ್ ಶಾಫ್ಟಿನ ಹಲ್ಲುಗಳ ಎಣಿಕೆ ಕ್ಲಚ್ ಪ್ಲೇಟಿಗೆ ಸರಿಹೋಗಬೇಕು. 10 ಹಲ್ಲಿನ ಪ್ಲೇಟಿಗೆ 26 ಹಲ್ಲಿನ ಶಾಫ್ಟ್ ಹೊಗುವುದಿಲ್ಲ. ಪೆಟ್ಟಿಗೆಯ ಉದ್ದ ಬೇರೆಯಾದರೆ ಪ್ರೊಪೆಲ್ಲರ್ ಶಾಫ್ಟನ್ನು ಕತ್ತರಿಸಿ ಅಥವಾ ಬೆಸೆದು, ಬ್ಯಾಲೆನ್ಸ್ ಮಾಡಿಸಬೇಕು. 1954ರವರೆಗಿನ ಅರ್ಧ ಟನ್ ಷೆವರ್ಲೆಯಲ್ಲಿ ಈ ಶಾಫ್ಟ್ ಮುಚ್ಚಿದ ಕೊಳವೆಯೊಳಗಿದ್ದು, ಆಕ್ಸಲಿನ ನೂಕನ್ನು ಆ ಕೊಳವೆಯೇ ಹೊರುತ್ತದೆ. ಹೀಗಾಗಿ ಅಲ್ಲಿ ಸ್ಯಾಗಿನಾ ಕೂರಿಸಬೇಕಾದರೆ ಸಾಮಾನ್ಯವಾಗಿ ಹಿಂದಿನ ಆಕ್ಸಲನ್ನೂ ಬದಲಾಯಿಸುತ್ತಾರೆ. ಪೆಟ್ಟಿಗೆ ಅಗ್ಗಕ್ಕೆ ಸಿಕ್ಕಿತೆಂದು ಹೊರಟವರ ಖರ್ಚು ಇಲ್ಲಿ ಬೆಳೆಯುತ್ತದೆ. ಜೊತೆಗೆ ಎಂಜಿನ್ನನ್ನೂ ಬದಲಾಯಿಸುವವರು ಮೊದಲೇ ಆರ್.ಟಿ.ಓ. ಕಚೇರಿಯ ಒಪ್ಪಿಗೆ ಪಡೆದಿರಬೇಕು.

ಆದ್ದರಿಂದ ಗುಜರಿ ಅಂಗಡಿಗೆ ಹೋಗುವಾಗ ಸದಸ್ಯರು ತಮ್ಮ ಮೇಸ್ತ್ರಿಯನ್ನೂ ಒಂದು ಅಳತೆಪಟ್ಟಿಯನ್ನೂ ಜೊತೆಗೆ ಒಯ್ಯಬೇಕೆಂದು ನಮ್ಮ ಸೂಚನೆ. ತೋಳು ಎಷ್ಟು, ಯಾವ ದಿಕ್ಕಿಗೆ, ಎಷ್ಟು ಓಟ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ ಮೇಲೆ ದರದ ಮಾತಾಡಬಹುದು.