ರೈಡ್‌ಗೆ ಮುನ್ನ ಊಟದ ಲೆಕ್ಕ

ಹೈದರಾಬಾದಿನ ಕುಷಾಯಿಗೂಡದ ಕನ್ನಡ ಮನೆಗಳಿಗೆ ರಜೆಯಲ್ಲಿ ಊರಿನಿಂದ ಮಕ್ಕಳು ಬಂದರೆ ಎರಡು ಜಾಗಗಳ ಹೆಸರು ಮೊದಲು ಕೇಳಿಬರುತ್ತದೆ. ಒಂದು, 1996ರಲ್ಲಿ ಆರಂಭವಾದ ರಾಮೋಜಿ ಫಿಲ್ಮ್ ಸಿಟಿ. ಇನ್ನೊಂದು, 2016ರಲ್ಲಿ ರಾವಿರ್ಯಾಲದಲ್ಲಿ ತೆರೆದ ವಂಡರ್‌ಲಾ. ಘಟ್‌ಕೇಸರ್ ಬಳಿ ಹೊರವರ್ತುಲ ರಸ್ತೆ ಹಿಡಿದರೆ ಎರಡಕ್ಕೂ ಒಂದೇ ದಾರಿ. ಹೊರಟ ಗುಂಪಿನಲ್ಲಿ ಆಹಾರದ ಅಲರ್ಜಿ ಇರುವ ಮಗುವೊಂದಿದ್ದರೆ ಅದನ್ನು ಮನೆಯಲ್ಲಿ ಬಿಟ್ಟು ಹೋಗಬೇಕಾಗಿಲ್ಲ. ಆದರೆ ಆ ದಿನ ತಟ್ಟೆಯಲ್ಲಿರುವುದು ಮನೆಯ ಊಟವಲ್ಲ, ದಣಿದ ಮೈಯೂ ಎಂದಿನಂತೆ ಇರುವುದಿಲ್ಲ. ಇವೆರಡನ್ನೂ ಅರಿತು ಹೊರಟರೆ ಪ್ರವಾಸ ಸುರಕ್ಷಿತ.

ಮೈಯೊಳಗೆ ಆಗುವುದೇನು?

ಅಲರ್ಜಿ ಇರುವವರ ದೇಹ ಶೇಂಗಾ, ಹಾಲು, ಮೊಟ್ಟೆಯಂಥ ಆಹಾರದ ಪ್ರೋಟೀನನ್ನು ಶತ್ರುವೆಂದು ತಿಳಿದು ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸುತ್ತದೆ. 1960ರ ದಶಕದ ಉತ್ತರಾರ್ಧದಲ್ಲಿ ಇದನ್ನು ಗುರುತಿಸಿದವರಲ್ಲಿ ಜಪಾನಿನ ಇಶಿಝಾಕಾ ದಂಪತಿ ಪ್ರಮುಖರು. ಚರ್ಮ, ಶ್ವಾಸನಾಳ, ಕರುಳಿನ ಗೋಡೆಗಳಲ್ಲಿ ಮಾಸ್ಟ್ ಕೋಶಗಳಿರುತ್ತವೆ. ಐಜಿಇ ಅವುಗಳ ಮೈಗೆ ಅಂಟಿಕೊಂಡು ಕಾದಿರುತ್ತದೆ. ಅದೇ ಪ್ರೋಟೀನ್ ಮತ್ತೆ ಬಂದಾಗ ಈ ಕೋಶಗಳು ಹಿಸ್ಟಮಿನ್ ಮುಂತಾದ ರಾಸಾಯನಿಕಗಳನ್ನು ಒಮ್ಮೆಲೇ ಹೊರಸೂಸುತ್ತವೆ. ಮೈತುಂಬ ದದ್ದು, ತುಟಿಯ ಊತ, ವಾಂತಿ ಕಾಣಿಸಿಕೊಳ್ಳಬಹುದು. ಪ್ರತಿಕ್ರಿಯೆ ತೀವ್ರವಾದರೆ ಉಸಿರು ಕಟ್ಟಿ, ರಕ್ತದೊತ್ತಡ ಕುಸಿಯುತ್ತದೆ. ಈ ಸ್ಥಿತಿಯೇ ಅನಾಫಿಲ್ಯಾಕ್ಸಿಸ್. ಇದರ ಸಂಶೋಧನೆಗಾಗಿ ಫ್ರಾನ್ಸಿನ ಶಾರ್ಲ್ ರಿಶೆ ಅವರಿಗೆ 1913ರಲ್ಲಿ ನೊಬೆಲ್ ದೊರೆಯಿತು. ಹಾಲಿನ ಸಕ್ಕರೆ ಜೀರ್ಣವಾಗದೆ ಹೊಟ್ಟೆ ಉಬ್ಬರಿಸುವುದು ಅಲರ್ಜಿಯಲ್ಲ. ಅದರಿಂದ ತೊಂದರೆಯಾದೀತೇ ಹೊರತು ಪ್ರಾಣಕ್ಕೆ ಅಪಾಯವಿಲ್ಲ.

ಯಾರಿಗೆ ಯಾವುದು ಆಗದು ಎಂಬುದನ್ನು ಬರಿಯ ರಕ್ತಪರೀಕ್ಷೆಯಿಂದ ತೀರ್ಮಾನಿಸಲಾಗದು. ಮೈಸೂರಿನ ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರು ಕರ್ನಾಟಕದ 11,000ಕ್ಕೂ ಹೆಚ್ಚು ವಯಸ್ಕರನ್ನು ಆಯ್ದು ನಡೆಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಆಹಾರದ ವಿರುದ್ಧ ಐಜಿಇ ಕಂಡುಬಂದವರು ಶೇ 26.5ರಷ್ಟು. ಅಲರ್ಜಿ ನಿಜಕ್ಕೂ ಇರಬಹುದಾದವರು ಶೇ 1.2 ಮಾತ್ರ. ಆದ್ದರಿಂದ ರಕ್ತದ ವರದಿಯಲ್ಲಿ ಇಪ್ಪತ್ತು ಪದಾರ್ಥಗಳ ಮುಂದೆ ಗುರುತು ಬಿದ್ದಿದೆಯೆಂದು ಮಗುವಿಗೆ ಎಲ್ಲವನ್ನೂ ಬಿಡಿಸಬಾರದು. ತಿಂದಾಗ ಏನಾಯಿತು ಎಂಬ ಚರಿತ್ರೆಯನ್ನು ಅಲರ್ಜಿ ತಜ್ಞರ ಮುಂದಿಟ್ಟು, ಬಿಡಲೇಬೇಕಾದ ಪದಾರ್ಥ ಯಾವುದೆಂದು ಖಚಿತ ಮಾಡಿಕೊಳ್ಳುವುದು ಪ್ರವಾಸದ ಮೊದಲ ಸಿದ್ಧತೆ.

ತಟ್ಟೆಯಲ್ಲಿ ಕಾಣದ ಶೇಂಗಾ

ಹೈದರಾಬಾದಿನಲ್ಲಿ ಬಿರಿಯಾನಿಯ ಜೊತೆಗೆ ಬರುವ ಮಿರ್ಚಿ ಸಾಲನ್‌ನ ರಸ ಗಟ್ಟಿಯಾಗುವುದು ಹುರಿದ ಶೇಂಗಾ, ಎಳ್ಳು, ಕೊಬ್ಬರಿಯಿಂದ. ಬಘಾರಾ ಬೈಂಗನ್‌ಗೂ ಅದೇ ಮಸಾಲೆ. ನುಣ್ಣಗೆ ಅರೆದ ಮೇಲೆ ಶೇಂಗಾ ಕಣ್ಣಿಗೂ ಬೀಳದು, ಬೇರ್ಪಡಿಸಲೂ ಬಾರದು. ಹಲೀಮಿನಲ್ಲಿ ಗೋಧಿ ಇದೆ, ತುಪ್ಪವಿದೆ, ಮೇಲೆ ಗೋಡಂಬಿ. ಬಿರಿಯಾನಿಯ ಮಾಂಸ ನೆನೆಯುವುದೇ ಮೊಸರಿನಲ್ಲಿ. ಡಬಲ್ ಕಾ ಮೀಠಾದಲ್ಲಿ ಗೋಧಿ, ಹಾಲು, ಗೋಡಂಬಿ, ಬಾದಾಮಿ ಎಲ್ಲವೂ ಸೇರಿರುತ್ತವೆ.

ಬೆಂಕಿಗೆ ಬಿದ್ದ ಮೇಲೆ ಅಲರ್ಜಿ ಉಳಿಯದು ಎಂಬ ನಂಬಿಕೆ ತಪ್ಪು. ಶೇಂಗಾದ ಪ್ರೋಟೀನು ಶಾಖಕ್ಕೆ ಬಗ್ಗುವಂಥದ್ದಲ್ಲ. ಹುರಿದಾಗ ಅದು ಐಜಿಇಗೆ ಇನ್ನೂ ಬಲವಾಗಿ ಅಂಟುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಚೆನ್ನಾಗಿ ಸಂಸ್ಕರಿಸಿದ ಶೇಂಗಾ ಎಣ್ಣೆಯಲ್ಲಿ ಪ್ರೋಟೀನು ಇಲ್ಲವೆನ್ನುವಷ್ಟು ಕಡಿಮೆ, ಆದರೆ ಗಾಣದ ಎಣ್ಣೆಯಲ್ಲಿ ಉಳಿದಿರುತ್ತದೆ. ಮೀನು, ಸೀಗಡಿ ಕರಿದ ಬಾಣಲೆಯಲ್ಲೇ ಆಲೂಗಡ್ಡೆ ಕರಿದರೆ ಆಲೂಗಡ್ಡೆಗೂ ಆ ಪ್ರೋಟೀನು ತಗಲುತ್ತದೆ. ಹೀಗಾಗಿ 'ಇದರಲ್ಲಿ ಏನೇನಿದೆ' ಎಂಬ ಒಂದು ಪ್ರಶ್ನೆ ಸಾಲದು. 'ಯಾವ ಎಣ್ಣೆ, ಇದೇ ಬಾಣಲೆಯಲ್ಲಿ ಇನ್ನೇನು ಕರಿದಿರಿ' ಎಂದೂ ಕೇಳಬೇಕು. ಆಗದ ಪದಾರ್ಥದ ಹೆಸರನ್ನು ತೆಲುಗು ಮತ್ತು ಹಿಂದಿಯಲ್ಲಿ ಒಂದು ಚೀಟಿಯಲ್ಲಿ ಬರೆದುಕೊಂಡು, ಅದನ್ನು ಬಡಿಸುವವರ ಕೈಗಲ್ಲ, ಅಡುಗೆಯವರ ಕೈಗೇ ಕೊಡುವುದು ಉತ್ತಮ.

ಕಾನೂನು ಸ್ವಲ್ಪ ದೂರ ನೆರವಾಗುತ್ತದೆ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮದಂತೆ ಗ್ಲುಟನ್ ಇರುವ ಧಾನ್ಯ, ಸೀಗಡಿ-ಏಡಿ, ಹಾಲು, ಮೊಟ್ಟೆ, ಮೀನು, ಶೇಂಗಾ, ಗೋಡಂಬಿ-ಬಾದಾಮಿಯಂಥ ಬೀಜಗಳು, ಸೋಯಾ ಮತ್ತು ಕಿಲೋಗೆ 10 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚು ಸಲ್ಫೈಟ್ ಇದ್ದರೆ ಪೊಟ್ಟಣದ ಮೇಲೆ ಹೇಳಲೇಬೇಕು. ಕೇಂದ್ರ ಪರವಾನಗಿ ಪಡೆದ ಅಥವಾ ಹತ್ತು ಅಥವಾ ಅದಕ್ಕೂ ಹೆಚ್ಚು ಕಡೆ ಮಳಿಗೆ ಇರುವ ಹೋಟೆಲುಗಳು ಈ ಮಾಹಿತಿಯನ್ನು ಗ್ರಾಹಕರಿಗೆ ಒದಗಿಸಬೇಕು. ಒಂದೇ ಅಂಗಡಿಯ ಮಾಲೀಕರಿಗೆ ಈ ಬಂಧನವಿಲ್ಲ. ಅಮೆರಿಕ 2023ರ ಜನವರಿಯಿಂದ ಎಳ್ಳನ್ನೂ ಕಡ್ಡಾಯ ಪಟ್ಟಿಗೆ ಸೇರಿಸಿದೆ; ಎಳ್ಳಿಲ್ಲದೆ ಹಬ್ಬವೇ ಆಗದ ನಮ್ಮ ನಾಡಿನ ಪಟ್ಟಿಯಲ್ಲಿ ಅದಿಲ್ಲ.

ಓಡಾಟ, ನಿದ್ದೆಗೇಡು

ಶೇಂಗಾ ಅಲರ್ಜಿ ಇರುವ ವಯಸ್ಕರ ಮೇಲೆ ಬ್ರಿಟನ್ನಿನಲ್ಲಿ ನಡೆದ, 2019ರಲ್ಲಿ ಪ್ರಕಟವಾದ ಪ್ರಯೋಗವೊಂದು ಪ್ರವಾಸಿಗರಿಗೆ ಬಹಳ ಮುಖ್ಯ. ವ್ಯಾಯಾಮ ಮಾಡಿದಾಗ ಮತ್ತು ನಿದ್ದೆಗೆಟ್ಟಾಗ, ಪ್ರತಿಕ್ರಿಯೆ ಹುಟ್ಟಿಸಲು ಬೇಕಾದ ಶೇಂಗಾದ ಪ್ರಮಾಣ ಸುಮಾರು ಶೇ 45ರಷ್ಟು ಇಳಿಯಿತು. ರಾತ್ರಿ ಬಸ್ಸಿನಲ್ಲಿ ಬಂದಿಳಿದು, ಮಾರನೆಯ ದಿನವೆಲ್ಲ ಬಿಸಿಲಲ್ಲಿ ಓಡಾಡುವವರಿಗೆ ಈ ಎರಡೂ ಅನ್ವಯಿಸುತ್ತವೆ. ಮನೆಯಲ್ಲಿ ಚೂರು ತಗಲಿದರೂ ಏನೂ ಆಗದಿದ್ದವರಿಗೆ ಅಲ್ಲಿ ಆಗಬಹುದು. ಗೋಧಿ ತಿಂದು ಓಡಿದಾಗ ಮಾತ್ರ ಅನಾಫಿಲ್ಯಾಕ್ಸಿಸ್ ಬರುವ ಜನರೂ ಇದ್ದಾರೆ. ಆದುದರಿಂದ ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆಯಾಗಲಿ, ಉಂಡ ಮೇಲೆ ಸಾಕಷ್ಟು ವಿಶ್ರಾಂತಿಯೂ ಇರಲಿ.

ಕೈ ತೊಳೆಯುವುದರಲ್ಲೂ ಎಚ್ಚರ ಬೇಕು. ಸ್ಯಾನಿಟೈಸರ್ ಕ್ರಿಮಿಯನ್ನು ಕೊಲ್ಲುತ್ತದೆ, ಆದರೆ ಪ್ರೋಟೀನನ್ನು ತೆಗೆಯುವುದಿಲ್ಲ. ರೈಡಿನ ಹಿಡಿ, ಊಟದ ಮೇಜು ಮುಟ್ಟಿದ ಕೈಯನ್ನು ಸೋಪು-ನೀರಿನಿಂದ ತೊಳೆಯಬೇಕು, ಇಲ್ಲವೇ ಒದ್ದೆ ವೈಪ್ಸ್‌ನಿಂದ ಒರೆಸಬೇಕು. ಬಹುತೇಕ ಪಾರ್ಕುಗಳು ಹೊರಗಿನ ತಿಂಡಿಯನ್ನು ಒಳಗೆ ಬಿಡುವುದಿಲ್ಲ. ಮೊದಲೇ ಫೋನ್ ಮಾಡಿ, ವೈದ್ಯರ ಪತ್ರ ತೋರಿಸಿ ಮನೆಯ ಬುತ್ತಿಗೆ ಅನುಮತಿ ಕೇಳಬೇಕು.

ಮೊದಲ ಮದ್ದು ಅಡ್ರಿನಲಿನ್

ಇಷ್ಟು ಎಚ್ಚರದ ನಂತರವೂ ಉಸಿರಾಟ ಕಷ್ಟವಾದರೆ, ದನಿ ಒಡೆದರೆ, ಮಗು ಜೋತುಬಿದ್ದರೆ ಕೊಡಬೇಕಾದುದು ಅಡ್ರಿನಲಿನ್. ಅಲರ್ಜಿ ಮಾತ್ರೆ ತುರಿಕೆಯನ್ನು ತಣಿಸುತ್ತದೆ, ಪ್ರಾಣ ಉಳಿಸುವುದಿಲ್ಲ. ತೊಡೆಯ ಹೊರಮೈಯ ನಡುಭಾಗದ ಸ್ನಾಯುವಿಗೆ, ಕಿಲೋ ತೂಕಕ್ಕೆ 0.01 ಮಿಲಿಗ್ರಾಂನಂತೆ, ಮಕ್ಕಳಿಗೆ ಹೆಚ್ಚೆಂದರೆ 0.3, ದೊಡ್ಡವರಿಗೆ 0.5 ಮಿಲಿಗ್ರಾಂ ಚುಚ್ಚಬೇಕು. ಒತ್ತಿದೊಡನೆ ಚುಚ್ಚುವ ಪೆನ್ ನಮ್ಮಲ್ಲಿ ಸುಲಭವಾಗಿ ಸಿಗುವುದಿಲ್ಲವಾದ್ದರಿಂದ, ಅಪಾಯವಿರುವ ಮಗುವಿನ ತಂದೆ-ತಾಯಿ ವೈದ್ಯರಿಂದ ಸಿರಿಂಜು, ಆಂಪೂಲ್ ಬರೆಸಿಕೊಂಡು ಬಳಕೆಯನ್ನು ಕಲಿತಿರಬೇಕು.

ಚುಚ್ಚಿದ ಮೇಲೆ ಮಗುವನ್ನು ಪ್ರಥಮ ಚಿಕಿತ್ಸಾ ಕೊಠಡಿಗೆ ನಡೆಸಿಕೊಂಡು ಹೋಗಬಾರದು. ರಕ್ತದೊತ್ತಡ ಕುಸಿದಾಗ ಎದ್ದು ನಿಂತರೆ ಹೃದಯಕ್ಕೆ ರಕ್ತ ಮರಳದೆ ಸಾವು ಸಂಭವಿಸಿದ ಪ್ರಕರಣಗಳಿವೆ. ಮಲಗಿಸಿ, ಕಾಲು ಎತ್ತರಿಸಿ. ಉಸಿರು ಕಷ್ಟವಿದ್ದರೆ ಕಾಲು ಚಾಚಿಸಿ ಕೂರಿಸಿ. ಸಿಬ್ಬಂದಿಯನ್ನು ಅಲ್ಲಿಗೇ ಕರೆಸಿ. 108ಕ್ಕೆ ಕರೆ ಮಾಡಿ; 2005ರ ಆಗಸ್ಟ್ 15ರಂದು ಆ ಸೇವೆ ಆರಂಭವಾದದ್ದೇ ಹೈದರಾಬಾದಿನಲ್ಲಿ. ಮಗು ಚೇತರಿಸಿಕೊಂಡಂತೆ ಕಂಡರೂ ಕೆಲವು ಗಂಟೆಗಳ ನಂತರ ಪ್ರತಿಕ್ರಿಯೆ ಮರುಕಳಿಸಬಹುದು, ಹಾಗಾಗಿ ಆಸ್ಪತ್ರೆಗೆ ಹೋಗಲೇಬೇಕು.

ಈ ಹೊಣೆಯನ್ನೆಲ್ಲ ತಂದೆ-ತಾಯಿಯ ಹೆಗಲಿಗೇ ಬಿಡುವುದು ನ್ಯಾಯವಲ್ಲ. ಪ್ರತಿ ಪಾರ್ಕಿನ ಚಿಕಿತ್ಸಾ ಕೊಠಡಿಯಲ್ಲಿ ಅಡ್ರಿನಲಿನ್ ಮತ್ತು ಅದನ್ನು ಕೊಡಬಲ್ಲವರು ಇರಬೇಕು. ಸಾಲನ್ ಮಾರುವ ಪ್ರತಿ ಅಂಗಡಿಯ ಫಲಕದಲ್ಲಿ ಶೇಂಗಾ, ಎಳ್ಳು ಎಂಬ ಎರಡು ಪದಗಳಿರಬೇಕು. ಟಿಕೆಟ್ ಕೊಳ್ಳುವ ಮುನ್ನ ಹೆಚ್ಚು ಹೆಚ್ಚು ಮನೆಯವರು ಇವೆರಡನ್ನು ಕೇಳಿದಂತೆಲ್ಲ ಪಾರ್ಕಿನವರು ಉತ್ತರ ಕೊಡಲೇಬೇಕಾಗುತ್ತದೆ.