ಹೆಸರಿಲ್ಲದ ತಾಮ್ರದ ನಾಣ್ಯಗಳು

ಬೈಜಾಂಟೀನ್ ಸಾಮ್ರಾಜ್ಯದ ನಾಣ್ಯಗಳನ್ನು ಸಂಗ್ರಹಿಸಲು ಹೊಸದಾಗಿ ತೊಡಗಿದವರ ದೃಷ್ಟಿ ಮೊದಲು ಚಿನ್ನದ ಮೇಲೆ ಬೀಳುವುದು ಸಹಜ. ಕಾನ್‌ಸ್ಟಾಂಟಿನೋಪಲಿನ ಕಮ್ಮಟದಿಂದ ಹೊರಟ ಚಿನ್ನದ ನಾಣ್ಯವು ಒಂದು ರೋಮನ್ ಪೌಂಡಿಗೆ 72ರ ಲೆಕ್ಕದಲ್ಲಿ ಸುಮಾರು ನಾಲ್ಕೂವರೆ ಗ್ರಾಂ ತೂಗುತ್ತ, ಹನ್ನೊಂದನೆಯ ಶತಮಾನದ ಆರಂಭದವರೆಗೂ ತನ್ನ ಶುದ್ಧಿಯನ್ನು ಬಹುಮಟ್ಟಿಗೆ ಉಳಿಸಿಕೊಂಡಿದ್ದಿತು. ಕರ್ನಾಟಕದ ನೆಲಕ್ಕೂ ಅದು ಅಪರಿಚಿತವಲ್ಲ. ಇಂದಿನ ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ದೊರೆತ ನಿಧಿಯಲ್ಲಿ ಐದು, ಆರನೆಯ ಶತಮಾನಗಳ ಇಂತಹ ನಾಣ್ಯಗಳಿದ್ದುವು. ಆದರೆ ಅವು ಆ ಸಾಮ್ರಾಜ್ಯದ ಆದಿಕಾಲದವು. ಅದರ ಮಧ್ಯಯುಗವನ್ನು ನಾಣ್ಯಗಳಿಂದ ಓದಲೆಳಸುವವನಿಗೆ ತಕ್ಕ ಉಪಾಧ್ಯಾಯನು ಬೇರೆ ಇದ್ದಾನೆ. ಅವನು ಸವೆದು ಕಪ್ಪಿಟ್ಟ, ಅಗ್ಗವಾದ, ಅರಸನ ಹೆಸರೇ ಇಲ್ಲದ ತಾಮ್ರದ ಬಿಲ್ಲೆ.

ಈ ನಾಣ್ಯಕ್ಕೆ ಫೋಲಿಸ್ ಎಂದು ಹೆಸರು. ಒಂದು ಚಿನ್ನದ ನಾಣ್ಯಕ್ಕೆ 288 ಫೋಲಿಸ್‌ಗಳು ಸಮ. ಇದು ಸಂತೆಯ ಹಣ. 970ರ ಸುಮಾರಿನವರೆಗೆ ಇದರ ಮೇಲೆ ಚಕ್ರವರ್ತಿಯ ಹೆಸರಿರುತ್ತಿದ್ದಿತು. ಆಮೇಲೆ ಅದು ಮಾಯವಾಗಿ, ಒಂದು ಮುಖದಲ್ಲಿ ಕ್ರಿಸ್ತನ ಎದೆಮಟ್ಟದ ಮೂರ್ತಿಯೂ ಮತ್ತೊಂದರಲ್ಲಿ 'ಯೇಸು ಕ್ರಿಸ್ತ, ರಾಜರ ರಾಜ' ಎಂಬ ಅರ್ಥದ ಲೇಖವೂ ಬಂದುವು. ಭಾಷೆ ಗ್ರೀಕ್, ಲಿಪಿಯಲ್ಲಿ ಲ್ಯಾಟಿನ್ ಅಕ್ಷರಗಳೂ ಬೆರೆತಿವೆ. ಚರಿತ್ರಕಾರನಾದ ಸ್ಕಿಲಿಟ್ಸೆಸನು ಈ ಮಾರ್ಪಾಟನ್ನು ಜಾನ್ ತ್ಸಿಮಿಸ್ಕೆಸನ (969-976) ಆಜ್ಞೆಯೆಂದು ಹೇಳಿ, ಹಿಂದೆ ಹೀಗಿರಲಿಲ್ಲವೆಂದೂ ಸೇರಿಸುತ್ತಾನೆ. ತಾಮ್ರದ ವಿಷಯದಲ್ಲಿ ಅವನ ಮಾತು ನಿಲ್ಲುತ್ತದೆ. ಚಿನ್ನದ ವಿಷಯದಲ್ಲಿ ನಿಲ್ಲುವುದಿಲ್ಲ. ಎರಡನೆಯ ಜಸ್ಟಿನಿಯನನು ಏಳನೆಯ ಶತಮಾನದ ಕೊನೆಯಲ್ಲಿಯೇ ತನ್ನ ಚಿನ್ನದ ನಾಣ್ಯದ ಮೇಲೆ ಕ್ರಿಸ್ತನ ಮುಖವನ್ನು ಒತ್ತಿಸಿದ್ದನು. ಗ್ರಂಥದ ಸಾಕ್ಷ್ಯವನ್ನು ಲೋಹದ ಸಾಕ್ಷ್ಯದಿಂದ ಒರೆಗೆ ಹಚ್ಚಬೇಕೆಂಬುದಕ್ಕೆ ಇದಕ್ಕಿಂತ ಸುಲಭವಾದ ನಿದರ್ಶನವು ಹೊಸಬನಿಗೆ ದೊರೆಯಲಾರದು.

1092ರ ಸುಮಾರಿನಲ್ಲಿ ಅಲೆಕ್ಸಿಯೋಸ್ ಕೊಮ್ನೆನೋಸನು ನಾಣ್ಯಪದ್ಧತಿಯನ್ನೇ ಬದಲಿಸುವವರೆಗೆ ಈ ಅನಾಮಿಕ ನಾಣ್ಯಗಳು ಹೊರಡುತ್ತಲೇ ಇದ್ದುವು. ನಮ್ಮ ರನ್ನನು 'ಅಜಿತಪುರಾಣ'ವನ್ನು ಮುಗಿಸಿದ 993ರಲ್ಲಿ ಅಲ್ಲಿ ಎರಡನೆಯ ಬೇಸಿಲನು ಆಳುತ್ತಿದ್ದನು. ಅವನ ಕಾಲದ ತಾಮ್ರದಲ್ಲಿಯೂ ಅವನ ಹೆಸರಿಲ್ಲ. ಹೆಸರಿಲ್ಲ, ವರ್ಷವಿಲ್ಲ, ಊರಿನ ಗುರುತೂ ಇಲ್ಲ. ಸುಮಾರು 120 ವರ್ಷಗಳ ಈ ನಾಣ್ಯಗಳಲ್ಲಿ ಯಾವುದು ಹಿಂದಿನದು, ಯಾವುದು ಮುಂದಿನದು?

ಉತ್ತರವು ಕಮ್ಮಟದವರ ಆತುರದಲ್ಲಿದೆ. ಹಳೆಯ ನಾಣ್ಯವನ್ನು ಕರಗಿಸಿ ಹೊಸ ಬಿಲ್ಲೆಮಾಡುವ ಶ್ರಮವನ್ನು ಉಳಿಸಲು ಅವರು ಅನೇಕ ವೇಳೆ ಹಳೆಯದರ ಮೇಲೆಯೇ ಹೊಸ ಅಚ್ಚನ್ನು ಒತ್ತಿದರು. ಕೆಳಗಣ ಮುದ್ರೆ ಪೂರ್ತಿಯಾಗಿ ಅಳಿಯಲಿಲ್ಲ. ಶಿಲುಬೆಯ ತೋಳಿನ ಪಕ್ಕದಲ್ಲಿ ಹಳೆಯ ಪ್ರಭಾವಳಿಯ ಅಂಚು, ಮೇರಿಯ ಮೂರ್ತಿಯ ಅಡಿಯಲ್ಲಿ ಹಿಂದಿನ ಲೇಖದ ಎರಡಕ್ಷರ ಉಳಿದಿರುವುದುಂಟು. ಕನ್ನಡ ಸಾಹಿತ್ಯಚರಿತ್ರೆಯನ್ನು ಬಲ್ಲವರಿಗೆ ಈ ನ್ಯಾಯವು ಹೊಸದಲ್ಲ. ಕಾಲವನ್ನು ಹೇಳದ ಕವಿಯು ಪಂಪನನ್ನು ಸ್ಮರಿಸಿದರೆ ಅವನು ಪಂಪನಿಗೆ ಈಚಿನವನೆಂದು ನಿರ್ಣಯಿಸುವಂತೆ, ಒಂದು ನಾಣ್ಯದ ಒಡಲಲ್ಲಿ ಇನ್ನೊಂದರ ಮುದ್ರೆ ಕಂಡರೆ ಒಳಗಿನದೇ ಪೂರ್ವದ್ದು. ಕವಿಯ ಸ್ಮರಣೆಯು ಪ್ರಕ್ಷಿಪ್ತವಾಗಿರಬಹುದೆಂಬ ಶಂಕೆಗೆ ಎಡೆಯುಂಟು. ಇಲ್ಲಿ ಅದೂ ಇಲ್ಲ. ಹತ್ತನೆಯ ಕಾನ್‌ಸ್ಟಂಟೈನನಿಂದ (1059-1067) ಮುಂದಕ್ಕೆ ಕೆಲವು ಅರಸರು ತಮ್ಮ ಹೆಸರಿನ ಫೋಲಿಸ್‌ಗಳನ್ನೂ ಒತ್ತಿಸಿದರು. ಅವು ಹಳೆಯ ಅನಾಮಿಕ ನಾಣ್ಯಗಳ ಮೇಲೆ ಬಿದ್ದುದರಿಂದ ಆನುಪೂರ್ವಿಗೆ ವರ್ಷಗಳ ಆಧಾರವೂ ದೊರೆಯಿತು.

ವಾರ್ವಿಕ್ ರಾತ್ ಎಂಬ ವಿದ್ವಾಂಸನು 1908ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಸೂಚಿಯಲ್ಲಿ ಈ ನಾಣ್ಯಗಳನ್ನು ವಿಂಗಡಿಸಿದನು. 1928ರಲ್ಲಿ ಆಲ್ಫ್ರೆಡ್ ಬೆಲಿಂಜರನು ಅವುಗಳ ಮೇಲೆ ಪ್ರತ್ಯೇಕ ಪ್ರಬಂಧವನ್ನೇ ಬರೆದನು. ಅಥೆನ್ಸಿನ ಅಗೋರಾ ಎಂಬ ಪ್ರಾಚೀನ ಪೇಟೆಯ ಉತ್ಖನನದಲ್ಲಿ ಸಿಕ್ಕವನ್ನು ಪರಿಶೀಲಿಸಿ ಮಾರ್ಗರೆಟ್ ಥಾಂಪ್ಸನ್ ಎಂಬಾಕೆ 1954ರಲ್ಲಿ ಆ ಕ್ರಮವನ್ನು ತಿದ್ದಿದಳು. ಇಂದಿಗೂ ವ್ಯಾಪಾರಿಗಳ ಪಟ್ಟಿಗಳಲ್ಲಿ ಕಾಣುವ 'ಎ', 'ಬಿ', 'ಸಿ' ಮೊದಲಾದ ವರ್ಗನಾಮಗಳು ಈ ಪರಂಪರೆಯವು. 'ಎ' ವರ್ಗದ ಲಕ್ಷಣವನ್ನು ಮೇಲೆಯೇ ಹೇಳಿದೆ. 'ಬಿ'ಯಲ್ಲಿ ಮೂರು ಮೆಟ್ಟಿಲ ಮೇಲಣ ಶಿಲುಬೆಯೂ, 'ಸಿ'ಯಲ್ಲಿ ರತ್ನಖಚಿತ ಶಿಲುಬೆಯ ನಾಲ್ಕು ಮೂಲೆಗಳಲ್ಲಿ 'ಯೇಸು ಕ್ರಿಸ್ತನು ಜಯಿಸುತ್ತಾನೆ' ಎಂಬುದರ ಸಂಕ್ಷೇಪಾಕ್ಷರಗಳೂ ಇವೆ. ಇವನ್ನು ಗುರುತಿಸಲು ಒಂದು ಸಂಜೆ ಸಾಕು. ಪ್ರಭಾವಳಿಯೊಳಗಣ ಶಿಲುಬೆಯ ತೋಳುಗಳಲ್ಲಿಯೂ ಕ್ರಿಸ್ತನ ಕೈಯ ಪುಸ್ತಕದ ಮೇಲೆಯೂ ಇರುವ ಚುಕ್ಕೆಗಳಿಂದ 'ಎ' ವರ್ಗದ ಉಪಭೇದಗಳನ್ನು ಬಿಡಿಸುವುದಕ್ಕಾದರೋ ವರ್ಷಗಳೇ ಬೇಕು.

ಹೊಸಬನಿಂದ ದೊಡ್ಡ ಹಾನಿಯಾಗುವುದು ಇಲ್ಲಿಯೇ. ಮಂಕಾದ ತಾಮ್ರವನ್ನು ಹೊಳೆಯಿಸಬೇಕೆಂಬ ಆಸೆಯಿಂದ ಅವನು ಹುಳಿಯಲ್ಲಿ ನೆನೆಸುತ್ತಾನೆ, ತಂತಿಯ ಕುಂಚದಿಂದ ಉಜ್ಜುತ್ತಾನೆ. ಆಗ ಮೊದಲು ಹೋಗುವುದು ಆ ತೆಳುವಾದ ಕೆಳಮುದ್ರೆ. ಅಂದವಿಲ್ಲದ ಗೀರೆಂದು ಅವನು ತೆಗೆದುಹಾಕಿದುದೇ ಆ ನಾಣ್ಯವು ಹೇಳಬಹುದಾಗಿದ್ದ ಏಕೈಕ ಸಂಗತಿಯಾಗಿರಬಹುದು. ನಾಣ್ಯವನ್ನು ಒಂದು ಪಕ್ಕದಿಂದ ಬೀಳುವ ಓರೆ ಬೆಳಕಿನಲ್ಲಿ ಹಿಡಿದು ನಿಧಾನವಾಗಿ ತಿರುಗಿಸಿದರೆ ಅಡಗಿದ ಗೆರೆಗಳು ತಾವಾಗಿಯೇ ಏಳುತ್ತವೆ. ತೂಕ, ಅಳತೆಗಳನ್ನು ಬರೆದಿಟ್ಟರೆ ಮುಂದೆ ಹೋಲಿಕೆಗೆ ಒದಗುತ್ತವೆ.

ಸಿಕ್ಕ ಸ್ಥಳದ ಮಾತೂ ಹೀಗೆಯೇ. ಥಾಂಪ್ಸನ್ನಳ ಗ್ರಂಥಕ್ಕೆ ಬೆಲೆ ಬಂದುದು ಆಕೆಯ ನಾಣ್ಯಗಳು ಎಲ್ಲಿ ದೊರೆತುವೆಂಬುದು ಗೊತ್ತಿದ್ದುದರಿಂದ. ಅಂಗಡಿಯ ತಟ್ಟೆಗೆ ಬರುವ ಹೊತ್ತಿಗೆ ಸಾಮಾನ್ಯವಾಗಿ ಆ ವಿವರವು ಕಳೆದುಹೋಗಿರುತ್ತದೆ. ತುರ್ಕಿ, ಗ್ರೀಸ್ ದೇಶಗಳು ಪ್ರಾಚೀನ ವಸ್ತುಗಳನ್ನು ಅನುಮತಿಯಿಲ್ಲದೆ ಹೊರಕ್ಕೆ ಸಾಗಿಸುವುದನ್ನು ನಿಷೇಧಿಸಿವೆ. ಭಾರತದಲ್ಲಿಯೂ ನೂರು ವರ್ಷ ದಾಟಿದ ನಾಣ್ಯವು 1972ರ ಶಾಸನದಂತೆ ಪುರಾವಸ್ತು. ಹಿಂದಿನ ಒಡೆಯರ ಹೆಸರುಗಳನ್ನೂ ಹಳೆಯ ಹರಾಜಿನ ಚೀಟಿಯನ್ನೂ ತೋರಿಸಬಲ್ಲ ವ್ಯಾಪಾರಿಯಿಂದ ಕೊಳ್ಳತಕ್ಕದ್ದು. ಆ ಚೀಟಿಯನ್ನು ನಾಣ್ಯದ ಜೊತೆಯಲ್ಲಿಯೇ ಒಂದೇ ಲಕೋಟೆಯಲ್ಲಿ ಇಡತಕ್ಕದ್ದು.